ನೊರೆ ಸಾಹೇಬರಿಗೊಂದು ಬೀಳ್ಕೊಡುಗೆ

ಇವರಿಗೆ,
ಶ್ರೀ ನೊರೆಯವರು,
ಬೆಳ್ಳಂದೂರು ಕೆರೆ ಕೋಡಿ, ಯಮಲೂರು ರಸ್ತೆ, ಬೆಂಗಳೂರು.
(ಹಾಲಿ ಮೊಕ್ಕಾಂ: ಕೆಲವರಪಲ್ಲಿ ಅಣೆಕಟ್ಟು, ಹೊಸೂರು ತಾಲ್ಲೂಕು, ತಮಿಳುನಾಡು)

ವಿಷಯ: ತಮ್ಮ ವರ್ಗಾವಣೆಯ ಬಗ್ಗೆ ವಿಷಾದ ಮತ್ತು ಬೀಳ್ಕೊಡುಗೆ ಸಮಾರಂಭಕ್ಕೆ ಆಹ್ವಾನ.

ಮಾನ್ಯರೇ,

ಸರ್ಕಾರಿ ಕಚೇರಿಯಲ್ಲಿ 32 ವರ್ಷ ಕಡತ ಹೊತ್ತು ನಿವೃತ್ತನಾದ ಗುಮಾಸ್ತ ನಾನು. ಎಷ್ಟು ಸಾಹೇಬರನ್ನು ಬೀಳ್ಕೊಟ್ಟಿದ್ದೇನೋ ಲೆಕ್ಕವಿಟ್ಟಿಲ್ಲ. ಏಲಕ್ಕಿ ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಕೊನೆಗೆ ಉಪ್ಪಿಟ್ಟು, ಕೇಸರಿಬಾತು. ಆದರೆ ತಮ್ಮಷ್ಟು ಕರ್ತವ್ಯನಿಷ್ಠರನ್ನು ಕಂಡವನಲ್ಲ. ಹಾಜರಿ ಪುಸ್ತಕವಿಲ್ಲ, ಬೆರಳಚ್ಚಿನ ಯಂತ್ರವಿಲ್ಲ, ಆದರೂ ಬೆಳಗಾದರೆ ಕೋಡಿಯ ಬಳಿ ಹಾಜರ್. ಮಳೆ ಸುರಿದ ದಿನ ಮಿಕ್ಕ ಇಲಾಖೆಯವರ ಫೋನುಗಳೆಲ್ಲ ವ್ಯಾಪ್ತಿಪ್ರದೇಶದಿಂದ ಹೊರಗಿದ್ದರೆ, ತಾವೊಬ್ಬರೇ ದುಪ್ಪಟ್ಟು ಎತ್ತರಕ್ಕೆ ಎದ್ದುನಿಂತು ಕೆಲಸ ಮಾಡಿದಿರಿ. ಇಂಥವರನ್ನು ನಮ್ಮ ರಾಜ್ಯದಲ್ಲಿ ಒಂದೇ ಕಡೆ ಬಹಳ ದಿನ ಇರಗೊಡುವುದಿಲ್ಲ ಎಂಬುದು ತಮಗೂ ಗೊತ್ತಿದ್ದದ್ದೇ.

ತಮ್ಮ ಸೇವಾ ಪುಸ್ತಕ ತಿರುವಿ ನೋಡಿದೆ. ಜನ್ಮಸ್ಥಳದ ಕಲಮಿನಲ್ಲಿ ಯಾರೋ ‘ಬೆಳ್ಳಂದೂರು’ ಎಂದು ತಪ್ಪು ಬರೆದಿದ್ದಾರೆ. ತಾವು ಹುಟ್ಟಿದ್ದು ನಮ್ಮ ಮನೆಯ ಬಚ್ಚಲಿನಲ್ಲಿ. ಬಟ್ಟೆ ನೆನೆಹಾಕಿದ ಬಕೆಟ್ಟಿನೊಳಗೆ ನಮ್ಮಾಕೆ ಕೈಯಾಡಿಸಿ ‘ನೊರೆ ಬಂತು’ ಎಂದಾಗ ಮನೆಯಲ್ಲಿ ಒಂದು ಬಗೆಯ ನೆಮ್ಮದಿ ಹರಡುತ್ತದೆ. ಬರದಿದ್ದರೆ ಕೊಳೆ ಹೋಗಿಲ್ಲ ಎಂದೇ ತೀರ್ಮಾನ. ‘ಅತ್ತೆ, ಜಿಡ್ಡು ತೆಗೆಯುವುದು ನೊರೆಯಲ್ಲ. ಪೌಡರಿನ ಅಣುವಿಗೆ ಒಂದು ತಲೆ, ಒಂದು ಬಾಲ. ತಲೆಗೆ ನೀರು ಇಷ್ಟ, ಬಾಲಕ್ಕೆ ಜಿಡ್ಡು ಇಷ್ಟ. ಬಾಲ ಜಿಡ್ಡನ್ನು ಕಚ್ಚಿಕೊಳ್ಳುತ್ತೆ, ತಲೆ ಅದನ್ನು ನೀರಿಗೆ ಎಳೆದು ತರುತ್ತೆ, ಅಷ್ಟೇ’ ಎಂದು ಎಂಎಸ್ಸಿ ಓದಿದ ಸೊಸೆ ವಿವರಿಸಿದಳು. ಅತ್ತೆ ಪೂರ್ತಿ ಕೇಳಿಸಿಕೊಂಡು ಇನ್ನೊಂದು ಚಮಚ ಪೌಡರು ಹಾಕಿದಳು.

ಬಕೆಟ್ಟಿನಲ್ಲಿ ಕಂಡರೆ ತಾವು ಮಡಿ, ಯಮಲೂರು ರಸ್ತೆಯಲ್ಲಿ ಕಂಡರೆ ಮೈಲಿಗೆ. ಅದೇ ಸಾಹೇಬರು, ಅದೇ ಬಿಳಿ ಅಂಗಿ. ನಡುವೆ ಇರುವುದು ಒಂದು ರಾಜಕಾಲುವೆ.

ಆ ದಾರಿಯಲ್ಲಿ ತಮಗೆ ಯಾರೂ ಅಡ್ಡಿ ಮಾಡಲಿಲ್ಲ ಎಂಬುದನ್ನು ಹೆಮ್ಮೆಯಿಂದ ದಾಖಲಿಸುತ್ತೇನೆ. ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕ ಇದೆ. ಅದಕ್ಕೆ ಆಯುಧಪೂಜೆಯ ದಿನ ಕುಂಬಳಕಾಯಿ ಒಡೆಯುತ್ತೇವೆ, ತಪಾಸಣೆಯವರು ಬರುವ ದಿನ ಸ್ವಿಚ್ ಹಾಕುತ್ತೇವೆ. ಕರೆಂಟು ಬಿಲ್ಲು ಉಳಿಸಿದ್ದಕ್ಕೆ ಕಳೆದ ವರ್ಷದ ಸಭೆಯಲ್ಲಿ ಕಾರ್ಯದರ್ಶಿಗಳಿಗೆ ಚಪ್ಪಾಳೆ ಬಿತ್ತು. ಊರಿನದ್ದೂ ಇದೇ ಕತೆ. 2007ರಲ್ಲಿ 110 ಹಳ್ಳಿಗಳನ್ನು ಮಹಾನಗರಕ್ಕೆ ಸೇರಿಸಿಕೊಂಡೆವು. ಬೋರ್ಡು ಮೊದಲು ಬಂತು, ಅಪಾರ್ಟ್‌ಮೆಂಟು ಆಮೇಲೆ ಬಂತು, ಒಳಚರಂಡಿ ಬರುತ್ತೇನೆಂದು ಹೇಳಿಕಳಿಸಿತು. ಅದು ಬರುವವರೆಗೆ ನೀರು ಸುಮ್ಮನೆ ನಿಂತಿರುತ್ತದೆಯೇ? ಕಾವೇರಿಯನ್ನು ಸುಮಾರು 100 ಕಿ.ಮೀ. ದೂರದಿಂದ, ಅರ್ಧ ಕಿ.ಮೀ.ಗೆ ಹತ್ತಿರದ ಎತ್ತರಕ್ಕೆ, ಕೋಟಿಗಟ್ಟಲೆ ಕರೆಂಟು ಸುರಿದು ಹತ್ತಿಸುತ್ತೇವೆ. ಇಳಿಸುವುದಕ್ಕೆ ಮಾತ್ರ ಒಂದು ಪೈಸೆ ಖರ್ಚಿಲ್ಲ. ಇಳಿಜಾರು ದೇವರು ಕೊಟ್ಟದ್ದು.

ಮೊದಲೆಲ್ಲ ಆ ಇಳಿಜಾರಿನಲ್ಲಿ ಕೆರೆಗಳ ಸಾಲೇ ಇತ್ತು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ತೂಬು ಎಷ್ಟು ತೆಗೆಯಬೇಕು, ಯಾರ ಗದ್ದೆಗೆ ಯಾವಾಗ ಬಿಡಬೇಕು ಎಂದು ನೋಡಲು ನೀರಗಂಟಿ ಇರುತ್ತಿದ್ದ. ಅವನ ಹುದ್ದೆ ರದ್ದಾಯಿತು. ಕೆರೆಗಳಿಗೆ ಬೇರೆ ಬೇರೆ ಹುದ್ದೆ ಕೊಟ್ಟೆವು: ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಚಲ್ಲಘಟ್ಟ ಕೆರೆಯಲ್ಲಿ ಈಗ ಗಾಲ್ಫ್ ಆಡುತ್ತಾರೆ. ದಾರಿಯಲ್ಲಿ ತಡೆದು ‘ಯಾರಪ್ಪ ನೀನು, ಎಲ್ಲಿಗೆ’ ಎಂದು ಕೇಳುವವರೇ ಉಳಿಯದ ಮೇಲೆ ತಾವು ನೇರ ಬೆಳ್ಳಂದೂರಿಗೆ ಬಂದು ಡ್ಯೂಟಿ ರಿಪೋರ್ಟ್ ಮಾಡಿಕೊಂಡಿರಿ. ಸುಮಾರು 900 ಎಕರೆ, ನಗರದ ಅತಿ ದೊಡ್ಡ ಕೆರೆ. ಇಷ್ಟು ದೊಡ್ಡ ಛೇಂಬರು ಮುಖ್ಯ ಕಾರ್ಯದರ್ಶಿಗಳಿಗೂ ಇಲ್ಲ.

ತಮ್ಮ ಕಾರ್ಯವೈಖರಿ ಅರ್ಥವಾಗಲು ನನಗೆ ಸ್ವಲ್ಪ ಕಾಲ ಹಿಡಿಯಿತು. ನಾವು ಕಳಿಸಿದ ಪೌಡರೆಲ್ಲ ಬಂದಕೂಡಲೇ ನೊರೆಯಾಗುವುದಿಲ್ಲ. ಅದನ್ನು ತಿಂದು ಕರಗಿಸಬೇಕಾದ ಸೂಕ್ಷ್ಮಜೀವಿಗಳಿಗೆ ಉಸಿರಾಡಲು ಆ ನೀರಿನಲ್ಲಿ ಆಮ್ಲಜನಕವೇ ಇಲ್ಲ. ಹಾಗಾಗಿ ಅದು ಹೂಳಿಗೆ ಅಂಟಿಕೊಂಡು ತಳದಲ್ಲಿ ಕೂರುತ್ತದೆ, ಪೆಂಡಿಂಗ್ ಕಡತದ ಹಾಗೆ. ಜೊತೆಗೆ ಬಂದ ರಂಜಕವನ್ನು ಉಂಡು ಅಂತರಗಂಗೆ ಕೆರೆಯ ತುಂಬ ಹಸಿರು ಶಾಮಿಯಾನ ಹಾಕುತ್ತದೆ, ಒಳಗೆ ಬೆಳಕೂ ಇಲ್ಲ, ಗಾಳಿಯೂ ಇಲ್ಲ. ಆಮೇಲೆ ಒಂದು ದಿನ ಜೋರು ಮಳೆ. ತಳದ ಕಡತಗಳೆಲ್ಲ ಒಟ್ಟಿಗೆ ಮೇಲೇಳುತ್ತವೆ. ಕೋಡಿಯಿಂದ ನೀರು ಧುಮುಕುತ್ತದೆ, ಮಜ್ಜಿಗೆ ಕಡೆದಂತೆ ಗಾಳಿ ಸೇರುತ್ತದೆ, ತಾವು ಏಳುತ್ತೀರಿ. ವರ್ಷಗಳ ಬಾಕಿ ಒಂದೇ ಬೆಳಗಿನಲ್ಲಿ ವಿಲೇವಾರಿ! ಇಂಥ ಕಡತ ಯಜ್ಞವನ್ನು ನಾನು ವಿಧಾನಸೌಧದ ಆಸುಪಾಸಿನಲ್ಲೂ ನೋಡಲಿಲ್ಲ.

ವಿಲೇವಾರಿಯಾದ ಕಡತ ಮೂಲ ಅರ್ಜಿದಾರರಿಗೇ ತಲುಪಬೇಕು ಎಂಬ ನಿಯಮವನ್ನು ಪಾಲಿಸಿದವರೂ ತಾವೊಬ್ಬರೇ. ಗಾಳಿ ಬೀಸಿದರೆ ಸಾಕು, ಬೈಕಿನವನ ಹೆಲ್ಮೆಟ್ಟಿನ ಮೇಲೆ, ಕಾರಿನ ಗಾಜಿನ ಮೇಲೆ, ಹೂವಿನ ಗಾಡಿಯ ಸೇವಂತಿಗೆಯ ಮೇಲೆ ಖುದ್ದಾಗಿ ಬಂದು ಕೂತಿರಿ. ಮೈಗೆ ತಾಗಿದವರು ಕೆರೆದುಕೊಂಡರು. ದೂರದಿಂದ ನೋಡಿದವರು ಕಾಶ್ಮೀರ ಎಂದು ಸೆಲ್ಫಿ ತೆಗೆದುಕೊಂಡರು. ಆಗ ಆಡಳಿತ ಎಚ್ಚೆತ್ತುಕೊಂಡಿತು. ರಸ್ತೆಗೂ ಕೋಡಿಗೂ ನಡುವೆ ಎತ್ತರದ ಬಲೆ ಕಟ್ಟಿಸಿತು.

ಆ ಬಲೆಯ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ, ಸಾಹೇಬರೆ. ಮೀನಿಗೆ ಬಲೆ ಕಂಡಿದ್ದೆ, ಸೊಳ್ಳೆಗೆ ಬಲೆ ಕಂಡಿದ್ದೆ. ನೀರಿನಲ್ಲಿದ್ದ ಮೀನಿಗೆ ಈಗ ಬಲೆ ಬೇಕಾಗಿಲ್ಲ ಅನ್ನಿ. ನಮ್ಮ ಮನೆಯಿಂದ ಹೊರಟಾಗ ತಮ್ಮನ್ನು ತಡೆಯಲು ಒಂದು ಚಹಾ ಸೋಸುವ ಜರಡಿಯನ್ನೂ ಇಡದ ನಾವು, ವಾಪಸು ಬರುವಾಗ ತಡೆಯಲು ಟೆಂಡರ್ ಕರೆದೆವು. ತಾವು ಆ ಬಲೆಗೆ ಗೌರವ ಕೊಟ್ಟು ಕೆಲಕಾಲ ಹಿಂದೆ ನಿಂತಿರಿ. ಆಮೇಲೆ ಮೇಲಿಂದ ಬಂದಿರಿ.

ಬೆಂಕಿಯ ವಿಷಯ ಎತ್ತಬಾರದು ಎಂದುಕೊಂಡಿದ್ದೆ, ಸಮಾರಂಭದಲ್ಲಿ ಅಪಶಕುನ. ಆದರೆ ಸೇವಾ ಪುಸ್ತಕದಲ್ಲಿ ಅದೇ ದಪ್ಪಕ್ಷರದಲ್ಲಿದೆ. 2015ರ ಮೇ ತಿಂಗಳಲ್ಲಿ ನೊರೆಗೇ ಬೆಂಕಿ ಹತ್ತಿತು. ನೀರು ಉರಿಯುವುದನ್ನು ನೋಡಿ ಲೋಕವೇ ಬೆರಗಾಯಿತು. 2017ರ ಫೆಬ್ರುವರಿಯಲ್ಲಿ ಮತ್ತೆ ಹೊಗೆ. 2018ರ ಜನವರಿ 19ರಂದು ಕೆರೆಗೆ ಹತ್ತಿದ ಬೆಂಕಿ ಆರಿಸಲು ಸುಮಾರು 5,000 ಸೈನಿಕರು ಇಳಿಯಬೇಕಾಯಿತು. ಬೆಂಕಿ ಆರಿಸಲು ನೀರು ತರುತ್ತಾರೆ, ನೀರಿಗೇ ಬೆಂಕಿ ಬಿದ್ದರೆ ಏನು ತರಬೇಕೆಂದು ನಮ್ಮಲ್ಲಿ ಯಾವ ಸುತ್ತೋಲೆಯೂ ಇರಲಿಲ್ಲ. ಒಣಹುಲ್ಲಿಗೆ ಯಾರೋ ಕಡ್ಡಿ ಗೀರಿದರು ಎಂದರು ಕೆಲವರು, ಕೊಳೆತು ಎದ್ದ ಮೀಥೇನ್ ಎಂದರು ಇನ್ನು ಕೆಲವರು. ಆ ಹೊಗೆ ಕುಡಿದು ಮೂರು ದಿನ ಕೆಮ್ಮಿದ ನನ್ನ ಮೊಮ್ಮಗನಿಗೆ ಎರಡರ ವ್ಯತ್ಯಾಸ ಗೊತ್ತಾಗಲಿಲ್ಲ. ಅವನಿಗೆ ಆಗ ನಾಲ್ಕು ವರ್ಷ.

ಇಷ್ಟಾದ ಮೇಲೆ ವಿಚಾರಣೆ ನಡೆಯದೆ ಇರುತ್ತದೆಯೇ? ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2018ರ ಡಿಸೆಂಬರಿನಲ್ಲಿ ರಾಜ್ಯಕ್ಕೆ 50 ಕೋಟಿ, ಪಾಲಿಕೆಗೆ 25 ಕೋಟಿ ರೂಪಾಯಿ ದಂಡ ಹಾಕಿತು. ಕೆರೆಯ ಕೆಲಸಕ್ಕೆಂದು 500 ಕೋಟಿ ತೆಗೆದಿಡಲು ಹೇಳಿತು. ತಮ್ಮ ಮೇಲೆ ಒಂದು ಆಪಾದನೆಯೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ನಮ್ಮ ಅಪಾರ್ಟ್‌ಮೆಂಟಿನವರು ಅಂದು ಸಂಜೆ ಟಿವಿ ನೋಡುತ್ತ ‘ಸರಿಯಾಗಿ ಮಾಡಿದರು, ಈ ಸರ್ಕಾರಕ್ಕೆ ಹೀಗೇ ಆಗಬೇಕು’ ಎಂದರು. ನೆಲಮಾಳಿಗೆಯ ಸ್ವಿಚ್ಚು ಆರಿಯೇ ಇತ್ತು.

ನಡುವೆ ತಾವು ಕೋಲಾರಕ್ಕೆ ಎರವಲು ಸೇವೆಯ ಮೇಲೆ ಹೋಗಿ ಬಂದದ್ದನ್ನು ಬಹಳ ಜನ ಮರೆತಿದ್ದಾರೆ. 2018ರಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಅಲ್ಲಿನ ಕೆರೆಗಳಿಗೆ ಹರಿಸುವ ಯೋಜನೆ ಶುರುವಾಯಿತು. ಒಣಗಿ ಬಿರಿದ ಕೆರೆಗೆ ನೀರು ಬಂತೆಂದು ಜನ ಹಿಗ್ಗಿದರು. ಜುಲೈನಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೋಡಿದರೆ ತಾವು! ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು, ಕೆಲಕಾಲದ ಮೇಲೆ ನೀರು ಮತ್ತೆ ಹರಿಯಿತು. ಮೂರನೆಯ ಹಂತದ ಶುದ್ಧೀಕರಣವನ್ನೂ ಮಾಡಿ ಕೊಡಿ ಎಂದು ಕೋಲಾರದ ರೈತರು ಕೇಳುತ್ತಲೇ ಇದ್ದಾರೆ. ಬಾಯಾರಿದವನಿಗೆ ಎಂಜಲು ನೀರು ಕೊಟ್ಟು ಉಪಕಾರ ಎಂದು ಬರೆದುಕೊಳ್ಳುವುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ.

ಈಗ ವರ್ಗಾವಣೆ. 2020ರಿಂದ ಬೆಳ್ಳಂದೂರಿನಲ್ಲಿ ಹೂಳೆತ್ತುವ ಕೆಲಸ. ಅದಕ್ಕಾಗಿ ಕೊಳಚೆಯನ್ನು ಕೆರೆಗೆ ಬಿಡದೆ ಪಕ್ಕದ ಕಾಲುವೆಗೆ ತಿರುಗಿಸಿದರು. ತಾವು ಆಗಾಗ ರಜೆಯ ಮೇಲೆ ಬಂದು ಮುಖ ತೋರಿಸಿ ಹೋಗುತ್ತೀರಿ, ಅಷ್ಟೆ. ಕೊಳಚೆ ನಿಂತಿತೇ? ಅದು ಕೆರೆಯನ್ನು ಬಳಸಿಕೊಂಡು ಕೆಳಗಿಳಿದು ದಕ್ಷಿಣ ಪಿನಾಕಿನಿ ಸೇರುತ್ತದೆ, ಹೊಸೂರಿನ ಕೆಲವರಪಲ್ಲಿ ಅಣೆಕಟ್ಟಿನಿಂದ ಧುಮುಕುತ್ತದೆ, ಮಳೆಗಾಲದಲ್ಲಿ ಅಲ್ಲಿ ತಾವು ಗುಡ್ಡದಂತೆ ಏಳುವುದನ್ನು ಟಿವಿಯಲ್ಲಿ ನೋಡುತ್ತೇವೆ. ಕಾವೇರಿಗಾಗಿ ತಮಿಳುನಾಡಿನೊಂದಿಗೆ ಹನಿಹನಿಗೂ ಜಗಳವಾಡುವ ನಾವು, ಈ ನೀರನ್ನು ಯಾವ ನ್ಯಾಯಾಧಿಕರಣವೂ ಹೇಳದೆ, ಕೇಳಿದ್ದಕ್ಕಿಂತ ಧಾರಾಳವಾಗಿ ಬಿಟ್ಟಿದ್ದೇವೆ. ಇದಕ್ಕೆ ಒಂದು ಬಂದ್ ಕೂಡ ಆಗಲಿಲ್ಲ.

ತಾವು ಹೋದ ಮೇಲೆ ಇಲ್ಲಿ ಭಣಭಣ. ಕ್ಯಾಮೆರಾದವರು ಬರುವುದಿಲ್ಲ, ಮಂತ್ರಿಗಳು ಮೂಗಿಗೆ ಕರವಸ್ತ್ರ ಹಿಡಿದು ಇಳಿಯುವುದಿಲ್ಲ. ವಾಸನೆ ಹಾಗೇ ಇದೆ, ಆದರೆ ವಾಸನೆ ಫೋಟೋದಲ್ಲಿ ಬೀಳುವುದಿಲ್ಲ. ನಾವು ಬಚ್ಚಲಿಗೆ ಬಿಟ್ಟದ್ದು ಎಲ್ಲಿಗೆ ಹೋಯಿತೆಂದು ಮನೆ ಬಾಗಿಲಿಗೆ ಬಂದು ವರದಿ ಕೊಡುತ್ತಿದ್ದ ಒಬ್ಬ ಅಧಿಕಾರಿಯೂ ಇಲ್ಲವಾದರು. ಫ್ಲ್ಯಾಟಿನ ಬೆಲೆ ಮಾತ್ರ ಏರಿದೆ. ‘ಲೇಕ್ ವ್ಯೂ’ ಎಂಬ ಬೋರ್ಡಿಗೆ ಹೊಸ ಬಣ್ಣ ಹೊಡೆದಿದ್ದಾರೆ.

ಆದ್ದರಿಂದ ಬರುವ ಭಾನುವಾರ ಬೆಳಿಗ್ಗೆ ಕ್ಲಬ್ ಹೌಸಿನಲ್ಲಿ ಇಟ್ಟುಕೊಂಡಿರುವ ಬೀಳ್ಕೊಡುಗೆಗೆ ತಾವು ತಪ್ಪದೆ ಬರಬೇಕು. ಹಾರ, ಪೇಟ ಸಿದ್ಧವಿದೆ. ಶಾಲು ಮಾತ್ರ ಸ್ವಲ್ಪ ಮಾಸಿತ್ತು, ಹಿಂದಿನ ಸಮಾರಂಭದ್ದು. ನಮ್ಮಾಕೆ ಅದನ್ನು ಈಗಷ್ಟೇ ಮೆಷಿನ್ನಿಗೆ ಹಾಕಿದ್ದಾಳೆ, ಒಂದು ಚಮಚ ಹೆಚ್ಚಿಗೆ.

ಇಂತಿ ತಮ್ಮ ವಿಶ್ವಾಸಿ,
ತಮ್ಮ ಜನ್ಮದಾತರಲ್ಲೊಬ್ಬ

ಅಡಕ: ಒಂದು ಬಕೆಟ್ಟಿನಷ್ಟು, ಬಚ್ಚಲಿನ ಮೂಲಕ. ತಲುಪಿದ ಕೂಡಲೇ ಸ್ವೀಕೃತಿ ಕಳುಹಿಸುವುದು ಬೇಡ.