ಪರಗೃಹೋಪದೇಶ ಮೀಮಾಂಸೆ

‘ಮನೆ ಕಟ್ಟಿ ನೋಡು’ ಎಂಬ ಸೂತ್ರಕ್ಕೆ ಇದುವರೆಗೆ ಬಂದಿರುವ ವ್ಯಾಖ್ಯಾನಗಳೆಲ್ಲ ಖರ್ಚಿನ ಸುತ್ತಲೇ ಗಿರಕಿ ಹೊಡೆದಿವೆ. ಸೂತ್ರಕಾರನ ಆಶಯ ಅದಲ್ಲವೆಂಬುದು, ತುಮಕೂರಿನ 30×40 ಸೈಟೊಂದರಲ್ಲಿ ಹದಿನಾಲ್ಕು ತಿಂಗಳು ಕ್ಷೇತ್ರಕಾರ್ಯ ಮಾಡಿದ ಈ ಪ್ರಬಂಧಕಾರನ ಅಭಿಮತ. ವ್ಯಾಕರಣದ ಪ್ರಕಾರ ‘ಕಟ್ಟಿ’, ‘ನೋಡು’ ಎರಡಕ್ಕೂ ಕರ್ತೃ ಒಬ್ಬನೇ. ‘ಹೋಗಿ ಬಾ’ ಅಂದರೆ ಹೋದವನೇ ತಾನೇ ಬರಬೇಕು? ಈ ಒಂದು ಪ್ರಯೋಗದಲ್ಲಿ ಮಾತ್ರ ಕಟ್ಟುವವನು ಒಬ್ಬ, ನೋಡುವವರು ಊರಿಗೆ ಊರೇ. ಶಬ್ದಮಣಿದರ್ಪಣ ಬರೆದ ಕೇಶಿರಾಜನಂಥ ಕೇಶಿರಾಜನಿಗೂ ಇದು ಹೊಳೆಯದೆ ಹೋದದ್ದಕ್ಕೆ ಅವನು ಸ್ವಂತ ಮನೆ ಕಟ್ಟಿಸದೆ ಇದ್ದದ್ದೇ ಕಾರಣವಿರಬೇಕು.

ವಾಸ್ತುಪುರುಷನ ಕಥೆಗೂ ಇದೇ ಗತಿಯಾಗಿದೆ. ಈಶಾನ್ಯಕ್ಕೆ ತಲೆ, ನೈಋತ್ಯಕ್ಕೆ ಕಾಲು ಹಾಕಿ ಬೋರಲು ಬಿದ್ದಿರುವ ಅವನ ಮೈಮೇಲೆ 45 ದೇವತೆಗಳು ಅಲುಗಾಡದಂತೆ ಒತ್ತಿ ಕೂತಿದ್ದಾರೆ. ಪಂಡಿತರು ಇವನನ್ನು ಅಸುರ ಅಂದುಕೊಂಡಿದ್ದಾರೆ. ಲಕ್ಷಣ ನೋಡಿದರೆ ಇವನು ಬ್ಯಾಂಕ್ ಸಾಲ ತೆಗೆದ ಮನೆ ಯಜಮಾನ. ನಮ್ಮ ಪಾಯದ ಮೇಲೆ ನಿಂತು ಸಲಹೆ ಕೊಟ್ಟವರ ಸಂಖ್ಯೆ, ಗೋಡೆ ಲಿಂಟಲ್ ಮಟ್ಟಕ್ಕೆ ಬರುವ ಹೊತ್ತಿಗೇ 45 ದಾಟಿತ್ತು.

ನ್ಯಾಯಶಾಸ್ತ್ರದಲ್ಲಿ ಪ್ರಮಾಣಗಳು ನಾಲ್ಕು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಉಪದೇಶಕರು ಬಳಸುವುದು ಬಹುಪಾಲು ಮೂರನೆಯದನ್ನೇ. “ನಮ್ಮ ಷಡ್ಕ ಕಟ್ಟಿಸಿದಾಗ ಹೀಗೆ ಮಾಡ್ಲಿಲ್ಲ” ಎನ್ನುವುದು ಅದರ ಶುದ್ಧ ರೂಪ. ಆ ಷಡ್ಕನ ಮನೆ ಸೋರುತ್ತಿದೆಯೋ ಇಲ್ಲವೋ ಎಂಬ ಪ್ರಶ್ನೆ ಶಾಸ್ತ್ರಬಾಹಿರ. ಅಪರೂಪಕ್ಕೆ ಪ್ರತ್ಯಕ್ಷ ಪ್ರಮಾಣದವರೂ ಸಿಗುತ್ತಾರೆ. ಇವರು ನಿನ್ನೆ ಸಂಜೆ ಮುಗಿದ ಪ್ಲಾಸ್ಟರಿಂಗನ್ನು ಇವತ್ತು ಬೆಳಿಗ್ಗೆ ಸ್ಕೂಟರ್ ಕೀಲಿಕೈಯಿಂದ ಕೆರೆದು, ಉದುರಿದ ಎಂ-ಸ್ಯಾಂಡನ್ನು ಅಂಗೈಯಲ್ಲಿ ಹಿಡಿದು, “ಸಿಮೆಂಟೇ ಹಾಕಿಲ್ವಲ್ರೀ ನಿಮ್ಮ ಮೇಸ್ತ್ರಿ” ಎನ್ನುತ್ತಾರೆ. ಒಂದು ರಾತ್ರಿ ಕಳೆದ ಗಾರೆ ಯಾರು ಕೆರೆದರೂ ಉದುರುತ್ತದೆ, ಮೈಸೂರು ಅರಮನೆಯದಾದರೂ.

ಇನ್ನು ಈ ಪ್ರಬಂಧದ ಮುಖ್ಯ ಪ್ರಮೇಯ. 53 ಗ್ರೇಡ್ ಸಿಮೆಂಟ್ ಎಂದರೆ 28ನೇ ದಿನದ ಪರೀಕ್ಷೆಯಲ್ಲಿ ಚದರ ಮಿಲಿಮೀಟರಿಗೆ 53 ನ್ಯೂಟನ್ ಒತ್ತಡ ತಡೆದುಕೊಳ್ಳುವಂಥದ್ದು. ಮೊದಲ ದಿನ ಅದಕ್ಕೆ ಆ ಶಕ್ತಿ ಇರುವುದಿಲ್ಲ, ನೀರು ಕುಡಿದು ಕುಡಿದು ಬರಬೇಕು. ಉಪದೇಶದ್ದೂ ಇದೇ ಧರ್ಮ. ನಕ್ಷೆ ಇನ್ನೂ ಕಾಗದದ ಮೇಲಿದ್ದಾಗ, ಒಂದು ರಬ್ಬರು ಸಾಕಾಗಿದ್ದಾಗ, ನಮ್ಮ ಭಾವನ ಮುಂದೆ ಅದನ್ನು ಹರಡಿ ಕೇಳಿದ್ದೆ. “ಚೆನ್ನಾಗೇ ಇದೆಯಲ್ಲ, ನಿಮ್ಮಿಷ್ಟ” ಅಂದು ಕಾಫಿ ಲೋಟವನ್ನು ಅದರ ಮೇಲೇ ಇಟ್ಟರು. ಅಡುಗೆಮನೆಯ ಜಾಗದಲ್ಲಿ ಕಂದು ಬಣ್ಣದ ಉಂಗುರ ಮೂಡಿತು. ಆಮೇಲೆ ಪಾಯ ಬಿತ್ತು, ಗೋಡೆ ಎದ್ದಿತು, ಮೋಲ್ಡ್ ಹಾಕಿ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದೂ ಆಯಿತು. ಸೆಂಟ್ರಿಂಗ್ ಬಿಚ್ಚಿದ ದಿನ ಅದೇ ಭಾವ ಬಂದು, ಸರಿಯಾಗಿ ಆ ಉಂಗುರದ ಜಾಗದಲ್ಲಿ ನಿಂತು, ಕತ್ತೆತ್ತಿ ನೋಡಿ, “ಛೆ, ಅಡುಗೆಮನೆ ಎರಡಡಿ ಮುಂದಕ್ಕೆ ತಗೋಬೇಕಿತ್ತು. ಒಂದ್ ಮಾತು ಕೇಳ್ಬಾರ್ದಾಗಿತ್ತಾ?” ಅಂದರು.

ಹೀಗಾಗಿ ಸಿದ್ಧಾಂತ ಇಷ್ಟು: ಗೋಡೆಯನ್ನು ಕದಲಿಸುವುದು ಎಷ್ಟು ಕಷ್ಟವಾಗುತ್ತ ಹೋಗುತ್ತದೋ, ಅದನ್ನು ಕುರಿತ ಅಭಿಪ್ರಾಯ ಅಷ್ಟು ಗಟ್ಟಿಯಾಗುತ್ತ ಹೋಗುತ್ತದೆ.

ಆಯದ ವಿಷಯ ಬಿಟ್ಟರೆ ಪ್ರಬಂಧ ಅಪೂರ್ಣ. ಮನೆಯ ಉದ್ದ ಅಗಲ ಗುಣಿಸಿ, ಬಂದದ್ದನ್ನು 9ರಿಂದ ಗುಣಿಸಿ, 8ರಿಂದ ಭಾಗಿಸಬೇಕು. ಶೇಷ 1 ಉಳಿದರೆ ಧ್ವಜಾಯ, 3 ಸಿಂಹ, 5 ವೃಷಭ, 7 ಗಜ, ಇವು ಶುಭ. ಸಮಸಂಖ್ಯೆ ಉಳಿದರೆ ಹೊಗೆ, ನಾಯಿ, ಕತ್ತೆ, ಕಾಗೆ. ಒಂದು ಭಾನುವಾರ ಇಟ್ಟಿಗೆ ರಾಶಿಯ ಮೇಲೆ ಕೂತು ನಾನೂ ಲೆಕ್ಕ ಹಾಕಿದೆ. ಎಂಟರಿಂದಲೇ ಭಾಗಿಸುವುದಾದರೆ, ಒಂಬತ್ತರಿಂದ ಗುಣಿಸಿದರೂ ಗುಣಿಸದಿದ್ದರೂ ಶೇಷ ಒಂದೇ. ನಂಬಿಕೆ ಬಾರದಿದ್ದರೆ ಪೆನ್ನು ಹಿಡಿಯಿರಿ. ಅಂದರೆ ಲೆಕ್ಕದ ಮಧ್ಯೆ ಆ ಒಂಬತ್ತು ಸುಮ್ಮನೆ ಬಂದು ನಿಂತು, ಏನೂ ಬದಲಿಸದೆ, ಗೌರವ ಪಡೆದು ಹೋಗುತ್ತದೆ. ಅದರ ಗೋತ್ರ ಯಾವುದೆಂದು ಬೇರೆ ಹೇಳಬೇಕಿಲ್ಲ. ಇನ್ನೂ ಒಂದು ಗುಟ್ಟು. ಉದ್ದ ಅಗಲ ಎರಡೂ ಬೆಸವಾಗಿದ್ದರೆ ಗುಣಲಬ್ಧ ಬೆಸ, ಶೇಷವೂ ಬೆಸ, ಆಯ ಶುಭವೇ. 25×33 ಅಂದರೆ 825, ಶೇಷ 1, ಧ್ವಜಾಯ. ಅದೇ 30×40 ಅಂದರೆ 1200, ಶೇಷವೇ ಇಲ್ಲ, ಕಾಗೆ. ಬಡಾವಣೆಗಳಲ್ಲಿ ಹಂಚಿರುವ 30×40 ಸೈಟುಗಳ ಪೈಕಿ ಕಾಗೆಯ ಪಾಲಿಗೆ ಬಾರದ್ದು ಒಂದೂ ಇಲ್ಲ. ಸುತ್ತ ಜಾಗ ಬಿಟ್ಟು ಕಟ್ಟುವುದರಿಂದ ನಾವೆಲ್ಲ ಬಚಾವು.

ಪರಿಹಾರಾಧ್ಯಾಯಕ್ಕೆ ಬರೋಣ. ಎದುರು ವಾದ ಮಾಡಬಾರದು. ವಾದ ಜಲ್ಪವಾಗಿ, ಜಲ್ಪ ವಿತಂಡವಾಗಿ, ಕೊನೆಗೆ ಅವರ ಮಗಳ ಮದುವೆಗೆ ನಮಗೆ ಕರೆಯೋಲೆ ಬರುವುದಿಲ್ಲ. ವಾಸ್ತುವಿನವರಿಗೆ “ಇಂಜಿನಿಯರ್ ಒಪ್ಪಲಿಲ್ಲ” ಎನ್ನಿ, ಇಂಜಿನಿಯರಿಂಗ್ ಮಾತಾಡುವವರಿಗೆ “ವಾಸ್ತು ಬಿಡಲಿಲ್ಲ” ಎನ್ನಿ. ಎರಡನ್ನೂ ಬಲ್ಲವರು ಸಿಕ್ಕಿದರೆ “ಅಮ್ಮನ ಆಸೆ” ಎನ್ನಿ. ಇದಕ್ಕೆ ಖಂಡನೆ ಇನ್ನೂ ಹುಟ್ಟಿಲ್ಲ.

ಇದಕ್ಕಿಂತ ಮಿಗಿಲಾದದ್ದು ಜಲಚಿಕಿತ್ಸೆ. ಉಪದೇಶಕರು ಗೇಟಿನ ಹತ್ತಿರ ಕಾಣುತ್ತಿದ್ದಂತೆ ಕ್ಯೂರಿಂಗ್ ಪೈಪನ್ನು ಅವರ ಕೈಗೆ ಕೊಟ್ಟು, “ಒಂದು ನಿಮಿಷ ಹಿಡ್ಕೊಂಡಿರಿ ಸಾರ್, ಬಂದೆ” ಎಂದು ಹಿಂದಕ್ಕೆ ಹೋಗುವುದು. ಅವರಿಗೆ ಕೂಡಲೇ ಹಾಲಿನ ಪ್ಯಾಕೆಟ್ ನೆನಪಾಗುತ್ತದೆ. ಈ ಪ್ರಯೋಗ ಸೋತದ್ದು ಒಂದೇ ಸಲ. ಎದುರುಮನೆಯ ನಿವೃತ್ತ ಮೇಷ್ಟ್ರು ಪೈಪು ವಾಪಸು ಕೊಡಲೇ ಇಲ್ಲ. ಪಂಚೆ ಎತ್ತಿ ಕಟ್ಟಿ, ದಿನಾ ಬೆಳಿಗ್ಗೆ ಆರಕ್ಕೆ, ನಾನಿನ್ನೂ ಮಲಗಿರುವಾಗ ಬಂದು, ಎರಡು ತಿಂಗಳು ಗೋಡೆಗೆ ನೀರು ಹೊಡೆದರು. ಹೊಡೆಯುತ್ತಲೇ ಅಭಿಪ್ರಾಯವನ್ನೂ ಹೇಳಿದರು. ನಮ್ಮ ಕಾಂಪೌಂಡು ಈಗ ಅವರು ಹೇಳಿದ ಎತ್ತರಕ್ಕೇ ಇದೆ.

ಉಳಿದದ್ದು ಮೆಟ್ಟಿಲು. ಮಹಡಿ 10 ಅಡಿ ಎತ್ತರ, ಏರು ಸುಮಾರು 7 ಇಂಚು, ಒಟ್ಟು 17 ಏರು. ಆದರೆ ಕಾಲಿಡುವ ಹಾಸು ಎಣಿಸಿದರೆ 16, ಯಾಕೆಂದರೆ ಕೊನೆಯ ಹೆಜ್ಜೆ ಬೀಳುವುದು ಮಹಡಿಯ ನೆಲದ ಮೇಲೆ. ಮೆಟ್ಟಿಲು ಬೆಸವಿರಬೇಕೆಂದು ನಮ್ಮ ದೊಡ್ಡಪ್ಪ ಹತ್ತುತ್ತ ಎಣಿಸಿ 17 ಅಂದು ಸಮಾಧಾನಪಟ್ಟರು. ಅವರ ಹಿಂದೆಯೇ ಹತ್ತಿದ ಚಿಕ್ಕಪ್ಪ 16 ಅಂದು ತಲೆ ಮೇಲೆ ಕೈಹೊತ್ತರು. ಇಬ್ಬರೂ ಇಳಿದು ಮತ್ತೆ ಎಣಿಸಲು ಹೋದಾಗ ನಾನು ಟೀ ತರಲು ಹೊರಟೆ.

ಗೃಹಪ್ರವೇಶಕ್ಕೆ ಬರುವ ಓದುಗರಲ್ಲಿ ಒಂದೇ ವಿನಂತಿ. ಎಣಿಸಲೇಬೇಕೆಂದಿದ್ದರೆ ಮಹಡಿಯ ನೆಲವನ್ನೂ ಸೇರಿಸಿಕೊಳ್ಳಿ.