ಮಿಸ್ಸಿಂಗ್ ಮೀಮಾಂಸೆ

ಹಳೆಯ ಸ್ಪೋರ್ಟ್ಸ್ ಕಾರು ಬೆಳಗಾವಿ–ಖಾನಾಪುರ ರಸ್ತೆಯಲ್ಲಿ ಯಾಕೆ ಮಿಸ್ಸಿಂಗ್ ಹೊಡೆಯುತ್ತದೆ ಎಂಬ ಗಹನವಾದ ಪ್ರಶ್ನೆಯನ್ನು ನಮ್ಮ ಪೂರ್ವಸೂರಿಗಳು ಪೂರ್ತಿಯಾಗಿ ಉಪೇಕ್ಷಿಸಿದ್ದಾರೆ. ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ಸಿಕ್ಕ ಕದಂಬರ ತಾಮ್ರಪಟಗಳನ್ನು ವಿದ್ವಾಂಸರು ಅಕ್ಷರಕ್ಕಕ್ಷರ ಬಿಡಿಸಿ ಓದಿದ್ದಾರೆ. ಅವುಗಳಲ್ಲಿ ಭೂಮಿ ಕೊಟ್ಟ ವಿವರವಿದೆ, ಕೊಟ್ಟದ್ದನ್ನು ಕಸಿದವನಿಗೆ ಶಾಪವಿದೆ. ಫ್ಯುಯೆಲ್ ಪಂಪಿನ ಪ್ರಸ್ತಾಪ ಮಾತ್ರ ಇಲ್ಲ. ಇಷ್ಟರಿಂದಲೇ ಕದಂಬ ದೊರೆ ಕಾಕುಸ್ಥವರ್ಮನಿಗೆ ಪಿಕಪ್‌ನ ತೊಂದರೆ ಇರಲಿಲ್ಲವೆಂದು ತೀರ್ಮಾನಿಸುವುದು ಅವಸರವಾದೀತು.

ಚರ್ಚೆಗೆ ಎತ್ತಿಕೊಂಡಿರುವ ವಸ್ತು ಸ್ಯಾನ್ ಸ್ಟಾರ್ಮ್. ಬೆಂಗಳೂರಿನ ಸ್ಯಾನ್ ಮೋಟಾರ್ಸ್ ತೊಂಬತ್ತರ ದಶಕದ ಕೊನೆಗೆ ಹೊರತಂದ, ಗೋವಾದಲ್ಲಿ ತಯಾರಾದ, ಎರಡೇ ಸೀಟಿನ, ಚಾವಣಿ ಮಡಚುವ ಕಾರು. ಮೈ ಫೈಬರ್‌ಗ್ಲಾಸಿನದು. ಒಳಗಿರುವುದು ಫ್ರಾನ್ಸಿನ ರೆನೋ ಕಂಪನಿಯ 1149 ಸಿಸಿ ಪೆಟ್ರೋಲ್ ಎಂಜಿನ್, ಸುಮಾರು 60 ಅಶ್ವಶಕ್ತಿ. ಅರವತ್ತು ಕುದುರೆಯದನ್ನು ಸ್ಪೋರ್ಟ್ಸ್ ಕಾರು ಎನ್ನಬಹುದೇ ಎಂದು ಕೆಲವರು ಆಕ್ಷೇಪಿಸುತ್ತಾರೆ. ಬೆಳಗಾವಿಯ ಗೋವಾವೇಸಿನಲ್ಲಿ ಅದನ್ನು ನಿಲ್ಲಿಸಿ ಚಹಾ ಕುಡಿಯಲು ಹೋದಾಗ ಸುತ್ತ ನೆರೆಯುವ ಮಂದಿಯನ್ನು ಅವರು ನೋಡಿಲ್ಲ. ಪ್ರಸ್ತುತ ಕಾರಿನ ಒಡೆಯರು ಟಿಳಕವಾಡಿಯ ನಿವೃತ್ತ ಬ್ಯಾಂಕ್ ಅಧಿಕಾರಿ. ಶಾಸ್ತ್ರಮರ್ಯಾದೆಯಂತೆ ಇಲ್ಲಿ ಅವರನ್ನು ಯಜಮಾನರೆಂದೇ ಕರೆಯಲಾಗಿದೆ.

ಈಗ ರೋಗಲಕ್ಷಣ. ಸ್ಟಾರ್ಟ್ ಮಾಡಿದರೆ ಒಂದೇ ಸೆಲ್ಫಿಗೆ ಏಳುತ್ತದೆ. ನಿಂತಲ್ಲಿ ಐಡಲಿಂಗ್ ಸೊಗಸು. ಮೂರನೇ ರೈಲ್ವೆ ಗೇಟು ದಾಟಿ ಉದ್ಯಮಬಾಗದ ಗದ್ದಲದಲ್ಲಿ ತೆವಳುವಾಗಲೂ ತಕರಾರಿಲ್ಲ. ಪೀರನವಾಡಿ ಬಿಟ್ಟು ರಸ್ತೆ ತೆರವಾಗಿ, ಯಜಮಾನರು ಹುರುಪಿನಿಂದ ಆಕ್ಸಿಲರೇಟರ್ ಒತ್ತಿದರೆ ಮಾತ್ರ ಗಾಡಿ ಒಮ್ಮೆ ಉಸಿರು ಕಟ್ಟಿದಂತಾಗಿ, ಜಗ್ಗಿ, ಮತ್ತೆ ಜಗ್ಗಿ, ಕಾಲು ತೆಗೆದೊಡನೆ ಏನೂ ಆಗಿಲ್ಲವೆಂಬಂತೆ ಸಾಗುತ್ತದೆ. ಇದು ಮೊದಲು ಪ್ರಕಟವಾದದ್ದು ಮಚ್ಛೆಯ ಬಳಿ, 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎದುರಿಗೇ. ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಿಗೆ ಪ್ರಶ್ನೆಪತ್ರಿಕೆ ಕೊಡುವ ಸಂಸ್ಥೆಯ ಮುಂದೆಯೇ ಪ್ರಶ್ನೆ ಹುಟ್ಟಿದ್ದು ಕಾಕತಾಳೀಯವೆಂದು ನಾವು ಒಪ್ಪುವುದಿಲ್ಲ. ಆದರೂ ಅಲ್ಲಿಂದ ಯಾರೂ ಹೊರಗೆ ಬರಲಿಲ್ಲ.

ಅರಿವಿಗೆ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕೇ ದಾರಿ ಎಂದರು ನೈಯಾಯಿಕರು. ಕುಮಾರಿಲ ಭಟ್ಟನ ಕಡೆಯ ಮೀಮಾಂಸಕರು ಅರ್ಥಾಪತ್ತಿ, ಅನುಪಲಬ್ಧಿ ಎಂದು ಇನ್ನೆರಡು ಸೇರಿಸಿ ಆರು ಮಾಡಿದರು. ಬೆಳಗಾವಿಯಲ್ಲಿ ಏಳನೆಯದೊಂದು ಚಾಲ್ತಿಯಲ್ಲಿದೆ: ಪಾರ್ಟ್ ಬದಲಿಸಿ ನೋಡುವುದು. ಉಳಿದ ಆರರಿಂದ ಜ್ಞಾನ ಬರುತ್ತದೆ, ಇದರಿಂದ ಬಿಲ್ಲು ಬರುತ್ತದೆ.

ಮೊದಲು ಶಬ್ದಪ್ರಮಾಣ, ಅಂದರೆ ಆಪ್ತರ ಮಾತು. ನಮ್ಮೂರಲ್ಲಿ ಬಾನೆಟ್ ಎತ್ತಿದವನಿಗೆ ಆಪ್ತರ ಕೊರತೆಯಾದ ಉದಾಹರಣೆ ಇಲ್ಲ. ಇವರಲ್ಲಿ ಅತ್ಯಂತ ಪ್ರಾಚೀನರು ಕಚರಾವಾದಿಗಳು. "ಟ್ಯಾಂಕಿನ್ಯಾಗ ಕಚರಾ ಐತ್ರಿ ಸರ, ಫಿಲ್ಟರ್ ಬದಲ್ ಮಾಡ್ರಿ, ಸೆಟ್ ಆಗ್ತೈತಿ" ಎಂಬುದು ಅವರ ಏಕೈಕ ಸೂತ್ರ. ಈ ಸೂತ್ರವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಟ್ಯಾಂಕಿನ ತಳದ ಕೆಸರು ಪಂಪಿನ ಬಾಯಿಯ ಜಾಳಿಗೆಗೆ ಮೆತ್ತಿಕೊಂಡರೆ, ನಡುವಿನ ಫಿಲ್ಟರ್ ಅರ್ಧ ಕಟ್ಟಿಕೊಂಡರೆ, ಐಡಲಿಂಗಿಗೆ ಸಾಲುವ ಪೆಟ್ರೋಲು ಏರಿಗೆ ಸಾಲುವುದಿಲ್ಲ; ಲಕ್ಷಣ ಥೇಟ್ ಹೀಗೆಯೇ. ಫಿಲ್ಟರ್ ಬದಲಾಯಿತು. ದೇಸೂರಿನ ಹತ್ತಿರ ಗಾಡಿ ಹಿಂದಿನ ನಿಷ್ಠೆಯಿಂದಲೇ ಜಗ್ಗಿತು. ಕಚರಾವಾದಿಗಳು ಕಂಗೆಡಲಿಲ್ಲ, "ಕಚರಾ ಭಾಳ ಒಳಗೈತಿ" ಎಂದು ಭಾಷ್ಯ ಬರೆದರು.

ಎರಡನೆಯ ಪಂಥ ಎಥೆನಾಲ್ ಸಂಪ್ರದಾಯ. ಇದಕ್ಕೆ ಬೆಳಗಾವಿಯಷ್ಟು ಫಲವತ್ತಾದ ನೆಲ ಬೇರೆಲ್ಲೂ ಸಿಗದು. ಜಿಲ್ಲೆ ತುಂಬ ಕಬ್ಬು, ಊರೂರಿಗೆ ಸಕ್ಕರೆ ಕಾರ್ಖಾನೆ, ಸಕ್ಕರೆಗೆಂದೇ ಎಸ್. ನಿಜಲಿಂಗಪ್ಪನವರ ಹೆಸರಿನ ಸಂಸ್ಥೆಯೂ ಬೆಳಗಾವಿಯಲ್ಲೇ ಇದೆ. 2023ರಿಂದ ಹಂತಹಂತವಾಗಿ ಬಂಕುಗಳಿಗೆ ಬಂದ, ನೂರಕ್ಕೆ 20 ಪಾಲು ಎಥೆನಾಲ್ ಬೆರೆತ ಪೆಟ್ರೋಲೇ ಸಕಲ ಅನಿಷ್ಟಕ್ಕೆ ಕಾರಣ ಎಂಬುದು ಈ ಪಂಥದ ಮತ. ಸ್ವಂತ ಹೊಲದ ಕಬ್ಬನ್ನು ಕಾರ್ಖಾನೆಗೆ ಕಳಿಸುವವರೇ ಇದನ್ನು ಎಲ್ಲರಿಗಿಂತ ಗಟ್ಟಿಯಾಗಿ ಮಂಡಿಸುತ್ತಾರೆಂಬುದು ಗಮನಾರ್ಹ. ಇವರ ವಾದದಲ್ಲಿ ಸತ್ಯಾಂಶವಿದೆ. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಎಥೆನಾಲಿಗೆ 9 ಪಾಲು ಸಾಕು. ಆದ್ದರಿಂದ ಅಷ್ಟೇ ಗಾಳಿಗೆ ಎಥೆನಾಲ್ ಹೆಚ್ಚು ಹಾಕಬೇಕು. ಹಾಕದಿದ್ದರೆ ಮಿಶ್ರಣ ತೆಳುವಾಗುತ್ತದೆ. ಹಳೆಯ ರಬ್ಬರ್ ಪೈಪು ಅದಕ್ಕೆ ಉಬ್ಬಬಹುದು, ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ಅದು ನೀರು ಹೀರಿಕೊಂಡು ತಳಕ್ಕಿಳಿಯಬಹುದು. ಆದರೆ ಸ್ವಾಮಿ, ದೋಷ ದ್ರವದ್ದೇ ಆಗಿದ್ದರೆ ಬೆಳಗಿನ ತಣ್ಣನೆಯ ಸ್ಟಾರ್ಟಿನಲ್ಲಿ ಅದು ಎಲ್ಲಿ ಅಡಗಿತ್ತು? ಈ ಖಂಡನೆಗೆ ಉತ್ತರ ಬಂದಿಲ್ಲ. ಚರ್ಚೆ ಕಬ್ಬಿನ ಬಾಕಿ ಬಿಲ್ಲಿನ ಕಡೆಗೆ ಹೊರಳಿತು.

ಹಿರಿಯರ ಒದ್ದೆಬಟ್ಟೆ ಪಂಥವನ್ನು ಗೌರವಕ್ಕಾದರೂ ಹೆಸರಿಸಬೇಕು. ಅಂಬಾಸಿಡರ್, ಫಿಯಾಟ್‌ಗಳ ಕಾಲದಲ್ಲಿ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತಿತ್ತು. ಘಟ್ಟ ಹತ್ತುವಾಗ ಕಾದು, ಒಳಗಿನ ಪೆಟ್ರೋಲು ಆವಿಯಾಗಿ, ಗಾಡಿ ಕೂತುಬಿಡುತ್ತಿತ್ತು. ಆಗ ಒದ್ದೆ ಬಟ್ಟೆ ಸುತ್ತಿ, ಬೀಡಿ ಹಚ್ಚಿ ಕೂರುವುದೇ ಚಿಕಿತ್ಸೆ. ಪೆಟ್ರೋಲಿನ ಪಕ್ಕದಲ್ಲಿ ಬೀಡಿ ಎಂಬ ಭಾಗವನ್ನು ನಾವು ಪ್ರಕ್ಷಿಪ್ತವೆಂದು ಭಾವಿಸುತ್ತೇವೆ. ಇಂಜೆಕ್ಷನ್ ಕಾರಿನಲ್ಲಿ ಪಂಪು ಟ್ಯಾಂಕಿನೊಳಗೆ ಮುಳುಗಿ ಕೂತು, ಪೆಟ್ರೋಲನ್ನು ಸುಮಾರು 3 ಬಾರ್ ಒತ್ತಡದಲ್ಲಿ ದೂಡುತ್ತದೆ. ಅಷ್ಟು ಒತ್ತಡದಲ್ಲಿ ಆವಿಗೆ ತಲೆಯೆತ್ತಲು ಎಡೆ ಕಡಿಮೆ.

ಉಪಮಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗವಯ ಹಸುವಿನಂತಿರುತ್ತದೆ ಎಂಬುದು ಶಾಸ್ತ್ರದ ಉದಾಹರಣೆ. "ನಮ್ಮ ಓಮ್ನಿಗೂ ಹಿಂಗ ಆಗಿತ್ರಿ" ಎಂಬುದು ಲೋಕದ್ದು.

ಪ್ರತ್ಯಕ್ಷಕ್ಕೆ ಪ್ಲಗ್ ಬಿಚ್ಚಿ ನೋಡಲಾಯಿತು. ತುದಿಯಲ್ಲಿ ಮಸಿಯಿದ್ದರೆ ಪೆಟ್ರೋಲು ಹೆಚ್ಚಾಗಿದೆ, ಬೆಳ್ಳಗೆ ಸುಣ್ಣ ಬಳಿದಂತಿದ್ದರೆ ಕಡಿಮೆಯಾಗಿದೆ. ನಾಲ್ಕೂ ಬೆಳ್ಳಗಿದ್ದವು. ಅನುಮಾನವೂ ಇದನ್ನೇ ಬೆಂಬಲಿಸಿತು. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬುದು ನೈಯಾಯಿಕರ ಹಳೆಯ ಪಾಠ. ಸೈಲೆನ್ಸರಿನಲ್ಲಿ ಕರಿ ಹೊಗೆಯೇ ಇಲ್ಲದಿದ್ದರೆ ಎಂಜಿನ್ನು ಅತಿಯಾಗಿ ಉಂಡಿಲ್ಲ ಎಂಬುದು ನಮ್ಮ ಪರಿಷ್ಕಾರ. ಟ್ಯಾಂಕಿನ ಮುಚ್ಚಳವನ್ನೂ ಸಡಿಲಿಸಿ ಓಡಿಸಲಾಯಿತು. ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದ್ದರೆ ಪೆಟ್ರೋಲು ಖಾಲಿಯಾದಂತೆ ಒಳಗೆ ನಿರ್ವಾತವಾಗುತ್ತದೆ, ಮುಚ್ಚಳ ತೆರೆದರೆ ಬುಸ್ ಎನ್ನುತ್ತದೆ. ಇಲ್ಲಿ ಬುಸ್ ಎಂದದ್ದು ಯಜಮಾನರು ಮಾತ್ರ.

ಅರ್ಥಾಪತ್ತಿಯ ಪ್ರಸಿದ್ಧ ದೃಷ್ಟಾಂತ ದೇವದತ್ತನದು. ಹಗಲು ಉಣ್ಣದ ದೇವದತ್ತ ಡೊಳ್ಳುಹೊಟ್ಟೆ ಬೆಳೆಸಿದ್ದಾನೆಂದರೆ ರಾತ್ರಿ ಉಣ್ಣುತ್ತಿದ್ದಾನೆಂದೇ ಅರ್ಥ. ನಮ್ಮ ದೇವದತ್ತನ ಸ್ಥಿತಿ ತಿರುವುಮುರುವು. ಟ್ಯಾಂಕು ತುಂಬಿದೆ, ಹೊಸ ಫಿಲ್ಟರಿದೆ, ಎಂಜಿನ್ನು ಹಸಿದಿದೆ. ಅಂದರೆ ಬಡಿಸುವವನ ಕೈಯಲ್ಲೇ ಏನೋ ಆಗಿದೆ. "ಪಂಪ್ ಹೋಗೈತ್ರಿ, ಹೊಸಾದ ಹಾಕ್ರಿ" ಎಂದು ಪಂಪ್‌ವಾದಿಗಳು ಎದ್ದು ನಿಂತದ್ದು ಈ ಘಟ್ಟದಲ್ಲೇ. ಈ ಕಾರಿಗೆ ಹೊಂದುವ ಪಂಪು ಹುಡುಕುವುದು ಹಲಸಿಯಲ್ಲಿ ಇನ್ನೊಂದು ತಾಮ್ರಪಟ ಹುಡುಕಿದಷ್ಟೇ ಸುಲಭವಾದ್ದರಿಂದ ಯಜಮಾನರು ಇನ್ನೊಂದು ಪ್ರಮಾಣಕ್ಕೆ ಒಪ್ಪಿದರು.

ಅದೇ ಅನುಪಲಬ್ಧಿ: ಇರಬೇಕಾದದ್ದು ಇಲ್ಲ ಎಂದು ತಿಳಿಯುವುದು. ಇದರ ಆಚಾರ್ಯರು ಖಾನಾಪುರದ ಬ್ಯಾಟರಿ ಅಂಗಡಿಯ ಕಾಕಾ. ಅವರು ಕುಮಾರಿಲನನ್ನು ಓದಿಲ್ಲ, ಅವರ ಬಳಿ ಒಂದು ಪ್ರೆಶರ್ ಗೇಜು ಮತ್ತು ಒಂದು ಮೀಟರಿದೆ. ಪೆಟ್ರೋಲ್ ಲೈನಿಗೆ ಗೇಜು ಜೋಡಿಸಿ, ಅದರ ಪೈಪನ್ನು ಬಾನೆಟ್ಟಿನ ಸಂದಿಯಿಂದ ಹೊರತಂದು, ಗೇಜನ್ನು ಮುಂದಿನ ಗಾಜಿಗೆ ಟೇಪಿನಿಂದ ಅಂಟಿಸಿದರು. "ಹೊಡೀರಿ ಗಾಡಿ" ಅಂದರು. ನಿಂತಲ್ಲಿ ಮುಳ್ಳು 3ರ ಮೇಲೆ ಅಲುಗದೆ ಕೂತಿತ್ತು. ಏರಿನಲ್ಲಿ ಕಾಲು ಒತ್ತಿದೊಡನೆ ಜಾರಿತು. 2ರ ಕೆಳಗಿಳಿದ ಹೊತ್ತಿಗೇ ಗಾಡಿ ಜಗ್ಗಿತು. ಯಾವ ಆಪ್ತವಾಕ್ಯವೂ ಇಷ್ಟು ಚುಟುಕಾಗಿರಲಿಲ್ಲ.

ವಾಪಸ್ ಬಂದವರೇ ಅವರು ಪಂಪಿನ ಮೇಲೆ ಕೈ ಹಾಕಲಿಲ್ಲ, ಪಂಪಿನ ವೈರಿನ ಮೇಲೆ ಮೀಟರ್ ಇಟ್ಟರು. ಬ್ಯಾಟರಿಯಲ್ಲಿ 13.8 ವೋಲ್ಟ್ ಇತ್ತು, ಪಂಪಿನ ಬಾಯಲ್ಲಿ 11ಕ್ಕೂ ಕಡಿಮೆ. ಪಂಪಿನ ಮೈನಸ್ಸಿಗೂ ಬ್ಯಾಟರಿಯ ಮೈನಸ್ಸಿಗೂ ಮೀಟರ್ ಹಿಡಿದರೆ ಬಹುತೇಕ ಸೊನ್ನೆ ತೋರಬೇಕು. ತೋರಿದ್ದು ಎರಡೂವರೆ ವೋಲ್ಟ್. ತಗಡಿನ ಕಾರಿಗೆ ಮೈಯೇ ಅರ್ಥಿಂಗ್. ಎಲ್ಲಿ ಸ್ಕ್ರೂ ತಿರುಗಿಸಿದರೂ ನಡೆಯುತ್ತದೆ. ಫೈಬರ್ ಮೈಯಲ್ಲಿ ಕರೆಂಟು ಹರಿಯುವುದಿಲ್ಲ, ಹಿಂತಿರುಗುವ ಪ್ರತಿ ವೈರೂ ಕೆಳಗಿನ ಚಾಸಿಗೆ ಮುಟ್ಟಲೇಬೇಕು. ಹಿಂದೆಂದೋ ಸ್ಪೀಕರ್ ಕೂರಿಸಿದ ಯಾರೋ ಪುಣ್ಯಾತ್ಮರು ಪಂಪಿನ ಅರ್ಥಿಂಗನ್ನು ಅದರ ಜಾಗದಿಂದ ಕಿತ್ತು, ಡಿಕ್ಕಿಯ ಮೂಲೆಯ ಬಡಕಲು ಪಟ್ಟಿಯೊಂದಕ್ಕೆ ಸಿಕ್ಕಿಸಿದ್ದರು. ಖಾನಾಪುರದ ಮಳೆಗಾಲ ಉಳಿದದ್ದನ್ನು ನೋಡಿಕೊಂಡಿತ್ತು. ಬಿಚ್ಚಿದರೆ ತಾಮ್ರದ ಉಂಗುರಕ್ಕೆ ಹಸಿರು ಕಿಲುಬು, ಎಳೆಗಳಲ್ಲಿ ಅರ್ಧ ಕೈಯಲ್ಲೇ ಉದುರಿದವು. ಕಾಕಾ ಹೊಸ ದಪ್ಪ ವೈರು ಎಳೆದು, ಚಾಸಿಯ ಬಣ್ಣ ಪಾಲಿಶ್ ಪೇಪರಿನಿಂದ ಬಿಳಿ ಕಬ್ಬಿಣ ಕಾಣುವಷ್ಟು ಉಜ್ಜಿ, ಬೋಲ್ಟು ಬಿಗಿದು, ಮೇಲೆ ಗ್ರೀಸು ಸವರಿದರು. ಅದೇ ಏರಿನಲ್ಲಿ ಮುಳ್ಳು 3 ಬಿಟ್ಟು ಕದಲಲಿಲ್ಲ.

ಪಂಪು ಸುಸ್ತಾಗಿರಲಿಲ್ಲ, ಅದಕ್ಕೆ ಕರೆಂಟು ಸಾಲುತ್ತಿರಲಿಲ್ಲ ಎಂಬ ಈ ಸಿದ್ಧಾಂತ ಬೆಳಗಾವಿಯಲ್ಲಿ ಇನ್ನೂ ಸರ್ವಮಾನ್ಯವಾಗಿಲ್ಲ. ಎಥೆನಾಲ್ ಪಂಥದವರು ಇದು ತಾತ್ಕಾಲಿಕ ಶಮನ ಎನ್ನುತ್ತಾರೆ. ಓಮ್ನಿಯವರು ತಮ್ಮದರಲ್ಲೂ ಅರ್ಥಿಂಗೇ ಹೋಗಿತ್ತೆಂದು ಈಗ ನೆನಪಿಸಿಕೊಂಡಿದ್ದಾರೆ. ರಿಪೇರಿಯಾದ ಮರು ಭಾನುವಾರ ಉದ್ಯಮಬಾಗದ ಅಂಗಡಿಯ ಮುಂದೆ ಕಾರು ಹಾಯುವಾಗ ಕಚರಾವಾದಿಗಳ ಮುಖ್ಯಸ್ಥ ಕೈಯೆತ್ತಿ ನಿಲ್ಲಿಸಿ, ಬಾನೆಟ್ಟಿಗೆ ಕಿವಿಗೊಟ್ಟು, ತಲೆಯಾಡಿಸಿದ: "ನಾ ಹೇಳಿದ್ನಿಲ್ರೀ ಸಾಹೇಬ್ರ? ಹೊಸಾ ಫಿಲ್ಟರ್ ಸೆಟ್ ಆಗಾಕ ಸ್ವಲ್ಪ ಟೈಮ್ ಬೇಕಿತ್ತು." ಯಜಮಾನರು ಬಾಕಿ ಉಳಿದಿದ್ದ ಫಿಲ್ಟರಿನ ದುಡ್ಡನ್ನು ಎಣಿಸಿ ಕೊಟ್ಟರು.