ಗೋಡೆಯೊಳಗಿನ ಕಬ್ಬಿಣದ ಒಡೆಯರಿಗೆ

ಮಾನ್ಯ ಮನೆ ಮಾಲೀಕರೇ,

ಕಾವೇರಿ ತಾಯಿ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದಾರಿ ಸವೆಸಿ, 500 ಮೀಟರಿನಷ್ಟು ಎತ್ತರ ಹತ್ತಿ, ಮೂರು ಕಡೆ ಪಂಪುಗಳಿಂದ ದೂಡಿಸಿಕೊಂಡು ಜಯನಗರದ ತಮ್ಮ ಸಂಪಿಗೆ ಬಂದು ಬೀಳುತ್ತಾಳೆ. ಅಲ್ಲಿಂದ ತಾರಸಿಯ ಟ್ಯಾಂಕಿಗೂ ಏರುತ್ತಾಳೆ. ಟ್ಯಾಂಕಿನಿಂದ ನಮ್ಮ ಬಚ್ಚಲಿನ ಬಕೆಟ್ಟಿಗೆ ಇಳಿಯುವ ಇಪ್ಪತ್ತು ಅಡಿ ಮಾತ್ರ ಅವಳಿಂದ ಆಗುತ್ತಿಲ್ಲ.

ದೂರು ಕೊಟ್ಟಾಗಲೆಲ್ಲ ತಾವು ಹೇಳುವುದು ಒಂದೇ: ‘ಬಿ ಕ್ಲಾಸ್ ಜಿ.ಐ. ಪೈಪು ಸ್ವಾಮಿ, ನೀಲಿ ಪಟ್ಟಿಯದು. ನಮ್ಮ ತಂದೆಯವರು ಎದುರಿಗೆ ನಿಂತು ಹಾಕಿಸಿದ್ದು. ಈಗಿನ ಪ್ಲಾಸ್ಟಿಕ್ ಅಲ್ಲ.’ ತಂದೆಯವರ ಬಗ್ಗೆ ಗೌರವವಿದೆ. ಆದರೆ 1974ರಲ್ಲಿ ಕಾವೇರಿ ಮೊದಲ ಸಲ ಬೆಂಗಳೂರಿಗೆ ಬಂದ ಕಾಲದ ಪೈಪದು. ಕಬ್ಬಿಣಕ್ಕೆ ಬಳಿದ ಸತು ತಾನು ಸವೆಯುತ್ತ ಕಬ್ಬಿಣವನ್ನು ಕಾಯುತ್ತದೆ. (ಈ ಮನೆಯಲ್ಲಿ ಇನ್ನೊಬ್ಬರಿಗಾಗಿ ಸವೆದದ್ದು ಅದೊಂದೇ.) ಸತು ತೀರಿದ ಮೇಲೆ ತುಕ್ಕು ಹಿಡಿಯಿತು. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಒಳಮುಖವಾಗಿ ಗಂಟುಗಂಟಾಗಿ ಬೆಳೆಯಿತು. ಅದರ ಮೇಲೆ ತಮ್ಮ ಬೋರ್‌ವೆಲ್ಲಿನ ಗಡಸು ನೀರು ಸುಣ್ಣ ಮೆತ್ತಿತು. ಅರ್ಧ ಇಂಚಿನ ಪೈಪಿನಲ್ಲಿ ಕಾಲು ಇಂಚಿನ ತೂತು ಉಳಿದರೆ ನೀರು ಅರ್ಧಕ್ಕೆ ಇಳಿಯುವುದಿಲ್ಲ, ಸುಮಾರು ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬಾಡಿಗೆಗೂ ಇದೇ ಲೆಕ್ಕ ಹಾಕಿದ್ದರೆ ತಮಗೆ ಬೇಗ ಅರ್ಥವಾಗುತ್ತಿತ್ತೇನೋ.

ಮೊನ್ನೆ ತಾವೇ ಬಂದು ನಲ್ಲಿ ತಿರುಗಿಸಿದಿರಿ. ನೀರು ಬುಸ್ಸನೆ ಚಿಮ್ಮಿತು. ‘ಇಷ್ಟು ಫೋರ್ಸ್ ಇದೆಯಲ್ರೀ!’ ಎಂದು ಹೊರಟೇಬಿಟ್ಟಿರಿ. ಇನ್ನೊಂದು ಕ್ಷಣ ನಿಂತಿದ್ದರೆ ಅದು ದಾರವಾಗುವುದನ್ನೂ ನೋಡಬಹುದಿತ್ತು. ಕಟ್ಟಿಕೊಂಡ ಪೈಪಿನ ಗುರುತೇ ಅದು. ನಲ್ಲಿ ಮುಚ್ಚಿದ್ದಾಗ ಒತ್ತಡ ಪೂರ್ತಿ ಇರುತ್ತದೆ. ಹರಿಯಲು ಶುರುವಾದರೆ ದಾರಿಯಲ್ಲೇ ಕರಗಿಹೋಗುತ್ತದೆ. ನಲ್ಲಿಯ ಜಾಲರಿ ಬಿಚ್ಚಿ ತೊಳೆದಿದ್ದೇವೆ, ಗೇಟ್ ವಾಲ್ವ್ ಪೂರ್ತಿ ತೆರೆದಿದೆ. ಪೂಜೆಯೊಂದು ಬಾಕಿ.

ತಮ್ಮ ಪರಿಹಾರಗಳಿಗೂ ಕೊರತೆಯಿಲ್ಲ. ಟ್ಯಾಂಕ್ ಎತ್ತರಿಸೋಣ ಎಂದಿರಿ. ಒಂದು ಮೀಟರ್ ಎತ್ತರಿಸಿದರೆ ಚದರ ಸೆಂಟಿಮೀಟರಿಗೆ ಸಿಗುವುದು 0.1 ಕೆ.ಜಿ. ಒತ್ತಡ. ಪ್ರೆಶರ್ ಪಂಪ್ ಎಂದಿರಿ. ಪೈಪಿಗೆ ಥ್ರೆಡ್ ಕೊರೆದ ಕಡೆ ಲೋಹ ಮೊದಲೇ ತೆಳು; ಪಂಪ್ ದೂಡಿದರೆ ಎಲ್ಬೋ, ಟೀಗಳ ಬುಡದಲ್ಲಿ ಸೋರುತ್ತದೆ, ಗೋಡೆಗೆ ಮಾತ್ರ ಧಾರಾಳವಾಗಿ ನೀರು ಸಿಗುತ್ತದೆ. ಆಸಿಡ್ ಬಿಡಿಸೋಣ ಎಂದ ತಮ್ಮ ಪ್ಲಂಬರ್‌ಗೆ ಆಸಿಡ್ ತುಕ್ಕನ್ನಷ್ಟೇ ತಿಂದು ಕಬ್ಬಿಣಕ್ಕೆ ಕೈಮುಗಿದು ಬರುತ್ತದೆಂಬ ನಂಬಿಕೆ. ಕೊನೆಗೆ ತಾವು ನಿಜಕ್ಕೂ ಮಾಡಿಸಿದ್ದು ಊಟದ ತಟ್ಟೆಯಗಲದ ಹೊಸ ಶವರ್. ಅದರ ಕೆಳಗೆ ನಿಂತರೆ ಹನಿ ಎಲ್ಲಿ ಬೀಳುತ್ತದೆಂದು ಊಹಿಸಿ ತಲೆ ಒಡ್ಡಬೇಕು.

ಮನೆಗೆ ಬರುವವರಿಗೆ ಶವರ್ ಕಾಣುತ್ತದೆ, ಗ್ರಾನೈಟ್ ಕಾಣುತ್ತದೆ, ಪೈಪು ಕಾಣುವುದಿಲ್ಲ. ಖಾಲಿ ಮಾಡುವಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ತಾವು ಪೈಪಿಗಾಗಿ ಯಾರಿಂದಲೂ ಒಂದು ರೂಪಾಯಿ ಮುರಿದುಕೊಂಡಿಲ್ಲ. ಆ ಔದಾರ್ಯಕ್ಕೆ ನಮಸ್ಕಾರ.

ಗೋಡೆ ಒಡೆಯುವುದು ಬೇಡ. ತಂದೆಯವರ ಪೈಪು ಗೋಡೆಯೊಳಗೇ ವಿಶ್ರಾಂತಿ ಪಡೆಯಲಿ. ಟ್ಯಾಂಕಿನಿಂದ ಹೊರಗೋಡೆಯ ಮೇಲೆ ಹೊಸ ಸಿಪಿವಿಸಿ ಲೈನ್ ಇಳಿಸಿ ಬಚ್ಚಲಿಗೂ ಅಡುಗೆಮನೆಗೂ ಕೊಟ್ಟರೆ ಸಾಕು. ಕೈಗೆ ಸಿಕ್ಕಷ್ಟು ಬದಲಿಸಿ ನಡುವೆ ಒಂದು ಹಳೆಯ ತುಂಡು ಬಿಟ್ಟರೆ ಮಾತ್ರ ಹಾಕಿದ ಹಣ ದಂಡ. ಎಷ್ಟು ನೀರು ಬರಬೇಕೆಂದು ಆ ತುಂಡೇ ತೀರ್ಮಾನಿಸುತ್ತದೆ.

ಇದನ್ನು ಓದುತ್ತಿರುವ ಬಾಡಿಗೆದಾರ ಬಂಧುಗಳೇ, ಮನೆ ನೋಡಲು ಹೋದಾಗ ವಾಸ್ತು ಆಮೇಲೆ ಕೇಳಿ. ಮೊದಲು ಬಚ್ಚಲು, ಅಡುಗೆಮನೆ ಎರಡರ ನಲ್ಲಿಯನ್ನೂ ಒಟ್ಟಿಗೆ ತಿರುಗಿಸಿ, ಬಕೆಟ್ ತುಂಬುವವರೆಗೆ ನಿಂತು ನೋಡಿ. ಅಡ್ವಾನ್ಸ್ ಅಲ್ಲಿಯವರೆಗೂ ಜೇಬಿನಲ್ಲೇ ಇರಲಿ.